ಬಾಲದ ಕಣದಲ್ಲಿ ಇಡೀ ಹಸು

ಬೆದೆಗೆ ಬಂದ ಹಸು ರಾತ್ರಿ ಮಲಗುವುದಿಲ್ಲ, ಮನೆಯವರನ್ನು ಮಲಗಲು ಬಿಡುವುದೂ ಇಲ್ಲ. ಕಡೂರು ಸೀಮೆಯ ಹಿರೇನಲ್ಲೂರು ಹೋಬಳಿಯ ಯಾವುದೇ ಕೊಟ್ಟಿಗೆಯಾಗಲಿ, ತೆಂಗಿನ ತೋಟದ ಮಗ್ಗುಲಲ್ಲಿ, ಹಂಚಿನ ಸೂರಿನಡಿ, ಸಗಣಿಯ ಹಸಿ ವಾಸನೆಯೂ ರಾಗಿಹುಲ್ಲಿನ ಒಣ ವಾಸನೆಯೂ ಬೆರೆತ ಕತ್ತಲಲ್ಲಿ ಅದು ಕತ್ತೆತ್ತಿ ಕೂಗುತ್ತದೆ, ಕಿವಿ ನಿಗುರಿಸಿ ಒಂದಿಷ್ಟು ಹೊತ್ತು ಆಲಿಸುತ್ತದೆ, ಯಾವ ಕಡೆಯಿಂದಲೂ ಓಗೊಡುವ ದನಿ ಬಾರದಿದ್ದಾಗ ಮತ್ತೆ ಕೂಗುತ್ತದೆ. ಹಿಂದೆ ಆ ಕೂಗಿಗೆ ಗೋಮಾಳದ ಹೋರಿಯೋ ದೇವರ ಹೆಸರಲ್ಲಿ ಬಿಟ್ಟ ಬಸವನೋ ಗುಟುರು ಹಾಕುತ್ತಿತ್ತು. ಈಗ ಮನೆಯಾಕೆ ಬ್ಯಾಟರಿ ಹಿಡಿದು ಎದ್ದು ಬರುತ್ತಾಳೆ, ಬಾಲ ಸರಿಸಿ ನೋಡುತ್ತಾಳೆ, ತಿಳಿಲೋಳೆ ಎಳೆಯೆಳೆಯಾಗಿ ಇಳಿಯುತ್ತಿರುವುದನ್ನು ಕಂಡು ಹಸುವಿನ ಬೆನ್ನ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ. ಬೆಳಗಾದ ಮೇಲೆ ಡಾಕ್ಟರಿಗೆ ಫೋನು ಮಾಡಬೇಕು.

ಡಾಕ್ಟರು ಬೈಕಿನಲ್ಲಿ ಬರುತ್ತಾರೆ. ಹಿಂದಿನ ಸೀಟಿಗೆ ಬಿಗಿದ ಪುಟ್ಟ ಕ್ಯಾನಿನ ಮುಚ್ಚಳ ತೆಗೆದೊಡನೆ ಬೆಳ್ಳನೆಯ ಹಬೆ ಉಕ್ಕಿ, ಅಂಚು ದಾಟಿ ಕೆಳಕ್ಕಿಳಿದು, ನೆಲ ಮುಟ್ಟುವ ಮೊದಲೇ ಇಲ್ಲವಾಗುತ್ತದೆ. ಆ ಹಬೆಯೊಳಗಿಂದ ಚಿಮಟ ಒಂದು ಬಣ್ಣದ ಕಡ್ಡಿಯನ್ನು ಎತ್ತುತ್ತದೆ. ಕಾಲು ಮಿಲಿಲೀಟರ್ ಹಿಡಿಯುವ ಪ್ಲಾಸ್ಟಿಕ್ ಕಡ್ಡಿ, ಮೈಮೇಲೆ ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರಗಳಲ್ಲಿ ಹೋರಿಯ ನಂಬರು, ತಳಿ, ತಾರೀಖು. 37 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅರ್ಧ ನಿಮಿಷ. ಅಷ್ಟರಲ್ಲಿ ಅದು ಮೈನಸ್ 196 ಡಿಗ್ರಿಯ ಚಳಿಯಿಂದ ಹಸುವಿನ ಒಡಲ ಬಿಸಿಯ ಹತ್ತಿರಕ್ಕೆ ಬಂದಿರುತ್ತದೆ. ಇಷ್ಟು ದೀರ್ಘ ಪಯಣವನ್ನು ಇಷ್ಟು ಸದ್ದಿಲ್ಲದೆ ಮುಗಿಸಿದ ಪ್ರಯಾಣಿಕನನ್ನು ಯಾರೂ ಎದ್ದು ನಿಂತು ಬರಮಾಡಿಕೊಳ್ಳುವುದಿಲ್ಲ. ಕಡ್ಡಿ ಒರೆಸಿ, ತುದಿ ಕತ್ತರಿಸಿ, ಗನ್ನಿಗೆ ಸೇರಿಸಿ, ಕೈಗವಸಿನ ಎಡಗೈಯಿಂದ ಒಳಗಿನ ಗರ್ಭಕೊರಳನ್ನು ತಡವಿ ಹಿಡಿದು ಬಲಗೈಯಿಂದ ಮೆಲ್ಲಗೆ ಒತ್ತಿದರೆ ಕೆಲಸ ಆಯಿತು.

‘ಈ ಸಲ ಗಬ್ಬ ನಿಲ್ತೈತಾ ಸಾ?’

‘ಇಪ್ಪತ್ತೊಂದು ದಿನ ನೋಡಮ್ಮ. ತಿರುಗಿ ಕೂಗಲಿಲ್ಲ ಅಂದ್ರೆ ನಿಂತೈತೆ ಅಂತ.’

ಕಡ್ಡಿಯೊಳಗೆ ಸುಮಾರು 2 ಕೋಟಿ ವೀರ್ಯಾಣುಗಳಿದ್ದವು. ಅವುಗಳ ಒಡೆಯನಾದ ಹೋರಿ ಎಲ್ಲಿಯದೋ, ಈ ಮಣ್ಣನ್ನು ಎಂದೂ ಮೆಟ್ಟಿದ್ದಲ್ಲ, ಈ ಹಸುವಿನ ಕೂಗನ್ನು ಎಂದೂ ಕೇಳಿದ್ದಲ್ಲ. ಎಷ್ಟೋ ಸಲ ಅದು ಬದುಕಿಯೂ ಇರುವುದಿಲ್ಲ. ಸತ್ತು ವರ್ಷಗಳಾದ ತಂದೆಗೆ ಮುಂದಿನ ಬೇಸಿಗೆಯಲ್ಲಿ ಕರು ಹುಟ್ಟುತ್ತದೆ, ಆ ಕರು ತಂದೆಯ ನೆತ್ತಿಯ ಸುಳಿಯನ್ನೋ ಕಿವಿಯ ಓರೆಯನ್ನೋ ಹೊತ್ತುಕೊಂಡು ಹಿರೇನಲ್ಲೂರಿನ ಬಿಸಿಲಿನಲ್ಲಿ ಬಾಲವೆತ್ತಿ ಓಡುತ್ತದೆ. ದ್ರವ ಸಾರಜನಕದ ಆ ಚಳಿಯಲ್ಲಿ ಜೀವ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ, ಮುಪ್ಪಾಗುವುದೂ ಇಲ್ಲ. ಹೊರಗೆ ಮಳೆ ಬಂದು ಹೋಗುತ್ತದೆ, ಕೆರೆ ತುಂಬಿ ಬತ್ತುತ್ತದೆ, ಸರ್ಕಾರಗಳು ಬದಲಾಗುತ್ತವೆ. ಒಳಗೆ ಒಂದು ಮುಂಜಾನೆ ನಿಂತ ಗಳಿಗೆ ನಿಂತಲ್ಲೇ ನಿಂತಿರುತ್ತದೆ.

ಈ ವಿದ್ಯೆ ನಮ್ಮ ನೆಲಕ್ಕೆ ಬಂದ ಬಾಗಿಲು ಮೈಸೂರು. 1939ರಲ್ಲಿ ಮೈಸೂರಿನ ಅರಮನೆಯ ಡೇರಿ ಫಾರ್ಮಿನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಸೇರಿಸಿದರು, 33 ಹಸುಗಳು ಗಬ್ಬ ನಿಂತವು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಪುಟ ಅದು. ಆಗಿನ್ನೂ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಗುಟ್ಟು ತಿಳಿದಿರಲಿಲ್ಲ. ಅದು ತಿಳಿದದ್ದು ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದಲ್ಲಿ, ಅದೂ ಕೈತಪ್ಪಿನಿಂದ. ಸಕ್ಕರೆಯ ದ್ರಾವಣವೆಂದು ಕ್ರಿಸ್ ಪೋಲ್ಜ್ ಬಳಸಿದ ಸೀಸೆಗೆ ಯಾರೋ ತಪ್ಪು ಚೀಟಿ ಅಂಟಿಸಿದ್ದರು, ಒಳಗಿದ್ದದ್ದು ಗ್ಲಿಸರಾಲ್. ಅದರಲ್ಲಿ ನೆಂದ ಹುಂಜದ ವೀರ್ಯಾಣುಗಳು ಹೆಪ್ಪುಗಟ್ಟಿ ಕರಗಿದ ಮೇಲೂ ಬಾಲ ಬಡಿದು ಈಜತೊಡಗಿದವು. 1949ರಲ್ಲಿ ಆ ಸುದ್ದಿ ಅಚ್ಚಾಯಿತು. ಇಪ್ಪತ್ತು ವರ್ಷಗಳ ಮೇಲೆ, 1969ರಲ್ಲಿ, ಬೆಂಗಳೂರಿನ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರ ತೆರೆಯಿತು. ತಪ್ಪು ಚೀಟಿಯ ಆ ಸೀಸೆಗೂ ಇವತ್ತು ಕಡೂರಿನ ಸೀಮೆಯ ಕೊಟ್ಟಿಗೆಯಲ್ಲಿ ನೆಕ್ಕಿಸಿಕೊಳ್ಳುತ್ತಿರುವ ಕರುವಿಗೂ ಒಂದು ನಂಟಿದೆ ಎಂದುಕೊಂಡರೆ ಮನಸ್ಸು ಸ್ವಲ್ಪ ಹೊತ್ತು ಮಾತು ಬಿಡುತ್ತದೆ.

ಇನ್ನು ಹಸುವಿನ ಒಳಗು. ಅಲ್ಲಿ ನಡೆಯುವುದಕ್ಕೆ ಯಾವ ಯಂತ್ರದ ಹಂಗೂ ಇಲ್ಲ. ಹೆಣ್ಣುಕರು ತಾಯ ಹೊಟ್ಟೆಯಲ್ಲಿ ಇನ್ನೂ ಮುದ್ದೆಯಾಗಿ ಮುದುಡಿಕೊಂಡಿರುವಾಗಲೇ ಅದರ ಅಂಡಾಶಯದಲ್ಲಿ ಅದು ಮುಂದೆಂದೋ ಹೆರಬಹುದಾದ ಕರುಗಳ ಅಂಡಗಳೆಲ್ಲ ಮೂಡಿ ಮುಗಿದಿರುತ್ತವೆ. ಅಂದರೆ ಗಬ್ಬದ ಹಸುವೊಂದು ಕೆರೆಯೇರಿಯ ಮೇಲೆ ನಿಧಾನ ನಡೆದು ಬರುವಾಗ ಅದರೊಳಗೆ ಮಗಳಿದ್ದಾಳೆ, ಮಗಳೊಳಗೆ ಮೊಮ್ಮಗಳ ಬೀಜವಿದೆ. ಮೂರು ತಲೆಮಾರು ನಾಲ್ಕೇ ಗೊರಸುಗಳ ಮೇಲೆ ಮನೆಗೆ ಬರುತ್ತಿದೆ. ಹುಟ್ಟುವಾಗ ಲಕ್ಷದಷ್ಟಿದ್ದ ಅಂಡಗಳಲ್ಲಿ 21 ದಿನಕ್ಕೊಂದರಂತೆ ಸರದಿ ಬಂದು ಹೊರಬೀಳುವುದು ಕೆಲವೇ ಕೆಲವು. ಉಳಿದವು ಯಾರಿಗೂ ಕಾಣದೆ ಹುಟ್ಟಿದಲ್ಲೇ ಕರಗಿಹೋಗುತ್ತವೆ. ಸೃಷ್ಟಿ ಇಷ್ಟೊಂದು ಧಾರಾಳಿ, ಇಷ್ಟೊಂದು ನಿಷ್ಠುರಿ ಎರಡೂ ಒಟ್ಟಿಗೆ ಆಗಿರುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಅಂಡಕ್ಕೂ ವೀರ್ಯಾಣುವಿಗೂ ಕೂಡಿಕೆಯಾದ ಏಳನೆಯ ದಿನಕ್ಕೆ ಅದೊಂದು ನೂರು ಚಿಲ್ಲರೆ ಕಣಗಳ ಗುಂಡು, ಬರಿಗಣ್ಣಿಗೆ ಸಿಕ್ಕಿಯೂ ಸಿಗದಷ್ಟು ಸಣ್ಣದು. ಅದಿನ್ನೂ ಗರ್ಭದ ಗೋಡೆಗೆ ಅಂಟಿಲ್ಲ, ತಾಯಿಯ ರಕ್ತದ ಒಂದು ಹನಿಯೂ ಅದಕ್ಕೆ ತಲುಪಿಲ್ಲ, ನೀರಮೇಲಿನ ಬೀಜವಾಗಿ ತೇಲುತ್ತಿದೆ. ದಿನಗಳು ಕಳೆದಂತೆ ಗುಂಡು ಉದ್ದಕ್ಕೆ ಎಳೆದುಕೊಂಡು ದಾರವಾಗುತ್ತದೆ. ಸುಮಾರು ಹದಿನಾರನೆಯ ದಿನ ಆ ದಾರ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಹನಿಸುತ್ತದೆ. ಅದರ ಅರ್ಥ, ನಾನಿದ್ದೇನೆ. ತಾಯಿಯ ಒಡಲು ಅದನ್ನು ಕೇಳಿಸಿಕೊಂಡರೆ ಮುಂದಿನ ಬೆದೆಯನ್ನು ತಡೆಹಿಡಿಯುತ್ತದೆ, ಕೇಳಿಸಿಕೊಳ್ಳದಿದ್ದರೆ 21ನೆಯ ರಾತ್ರಿ ಕೊಟ್ಟಿಗೆಯಲ್ಲಿ ಮತ್ತೆ ಕೂಗು. ಆದ್ದರಿಂದ ಮನೆಯಾಕೆ ಆ ರಾತ್ರಿ ಕಿವಿಗೊಟ್ಟು ಮಲಗುತ್ತಾಳೆ. ಗೊಂತಿನ ಕಡೆಯಿಂದ ಮೆಲುಕಿನ ಸದ್ದು ಬಿಟ್ಟು ಬೇರೇನೂ ಕೇಳಿಸದಿದ್ದರೆ ಒಳಗೆ ಯಾರೋ ಬಂದಿದ್ದಾರೆ. ಬಾಯಿಯೇ ಇಲ್ಲದ ಜೀವ ಆಡಿದ ಮೊದಲ ಮಾತು ಹೊರಗೆ ಮೌನವಾಗಿ ಕೇಳುತ್ತದೆ.

ವಿಜ್ಞಾನಿಗಳು ಈ ಏಳು ದಿನಗಳ ಸಂದಿಯೊಳಗೇ ಕೈ ಹಾಕಿದರು. ಭ್ರೂಣ ಗೋಡೆಗೆ ಅಂಟುವ ಮೊದಲು ಅದನ್ನು ಒಂದು ಗರ್ಭದಿಂದ ತೊಳೆದು ತೆಗೆದು ಇನ್ನೊಂದು ಗರ್ಭದಲ್ಲಿ ಇಡಬಹುದೆಂದು 1951ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ಕರು ತೋರಿಸಿಕೊಟ್ಟಿತು. ದೇವಕಿಯ ಒಡಲಿನಿಂದ ರೋಹಿಣಿಯ ಒಡಲಿಗೆ ಸಾಗಿಬಂದ ಬಲರಾಮನ ಕಥೆಯನ್ನು ಕೇಳಿ ಬೆಳೆದವರಿಗೆ ಇದು ಎಲ್ಲೋ ಕೇಳಿದಂತೆಯೇ ಅನ್ನಿಸುತ್ತದೆ. ಕಥೆ ಕಟ್ಟಿದವರ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ. ಆದರೆ ಹೆತ್ತವಳು ಬೇರೆ, ಹೊತ್ತವಳು ಬೇರೆ, ಸಾಕಿದವಳು ಬೇರೆಯಾದಾಗ ಕೂಸು ಯಾರದು ಎಂಬ ಬೆರಗು ಅವರಿಗೂ ಇತ್ತು. ಹಟ್ಟಿಯ ದನಗಾಹಿಗಳಿಗೂ ಇತ್ತು. ತಾಯಿ ಸತ್ತ ಕರುವನ್ನು ಮತ್ತೊಂದು ಹಸುವಿನ ಕೆಚ್ಚಲಿಗೆ ಒಗ್ಗಿಸುವಾಗ ಅವರು ಆ ಪ್ರಶ್ನೆಯನ್ನು ದಿನವೂ ಕೈಯಿಂದ ಮುಟ್ಟಿದವರು.

ಹಿರೇನಲ್ಲೂರಿನಿಂದ ಬೀರೂರಿನ ಕಡೆಗೋ ಅಜ್ಜಂಪುರದ ಕಡೆಗೋ ಹೊರಟರೆ ತೋಟಗಳ ನಡುವೆ ಬಯಲು ತೆರೆದುಕೊಳ್ಳುತ್ತದೆ. ಪಡುವಣದಲ್ಲಿ ಬಾಬಾಬುಡನ್ ಗಿರಿಯ ನೀಲಿ ಅಂಚು, ಮೂಡಣದಲ್ಲಿ ಬಿಸಿಲು ಕುಣಿಯುವ ಒಣನಾಡು, ನಡುವೆ ಮೊಣಕಾಲೆತ್ತರದ ಹುಲ್ಲು. ಮುಂಗಾರಿನ ಎರಡು ಹದಮಳೆಗೆ ಚಿಗುರಿ, ಶ್ರಾವಣಕ್ಕೆ ಅಲೆಯಾಗಿ, ದೀಪಾವಳಿಗೆ ಹೊಂಬಣ್ಣಕ್ಕೆ ತಿರುಗಿ, ಶಿವರಾತ್ರಿಗೆ ಬೆಳ್ಳಗೆ ಒಣಗಿ ನಿಲ್ಲುವ ಹುಲ್ಲು. ಇವು ಅಮೃತಮಹಲ್ ಕಾವಲುಗಳು. ಬಾಸೂರಿನ ಕಾವಲಿನಲ್ಲಿ ಈಗಲೂ ಕೃಷ್ಣಮೃಗಗಳು ಹುಲ್ಲಿನ ಮೇಲೆ ನೆಗೆಯುತ್ತವೆ, ತೋಳಗಳು ಮಬ್ಬಿನಲ್ಲಿ ಓಡಾಡುತ್ತವೆ. ಅಜ್ಜಂಪುರದಲ್ಲಿ 1929ರಿಂದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ.

ಅಲ್ಲಿಯ ಒಂದು ಹಸುವನ್ನು ಕಣ್ತುಂಬ ನೋಡಬೇಕು. ಬೂದಿಯ ಬಣ್ಣ; ಕೆಲವಕ್ಕೆ ಬಿಳಿಗೆ ಹತ್ತಿರ, ಕೆಲವಕ್ಕೆ ಮಳೆಮೋಡಕ್ಕೆ ಹತ್ತಿರ. ಕಿರಿದಾದ ಉದ್ದ ಮುಖ, ಹಣೆಯ ನಡುವೆ ಮೇಲಿನಿಂದ ಕೆಳಕ್ಕೆ ಇಳಿದ ಒಂದು ಗೀರುಗುಳಿ, ಮುಂಬೆಳಕು ಬಿದ್ದಾಗ ಅದರಲ್ಲಿ ನೆರಳು ನಿಲ್ಲುತ್ತದೆ. ಬುಡದಲ್ಲಿ ಒಂದಕ್ಕೊಂದು ಒತ್ತಿಕೊಂಡು ಹುಟ್ಟುವ ಕೋಡುಗಳು ಹಿಂದಕ್ಕೆ ವಾಲಿ, ನೆತ್ತಿಯಿಂದ ದೂರ ಸರಿದು, ಮತ್ತೆ ಮೇಲಕ್ಕೆ ಬಾಗಿ ಕಪ್ಪು ಮೊನೆಗಳಾಗಿ ಮುಗಿಯುತ್ತವೆ. ಕೆಲವುಗಳಲ್ಲಿ ಆ ಮೊನೆಗಳು ಒಂದನ್ನೊಂದು ದಾಟುವುದೂ ಉಂಟು. ಚಿಕ್ಕ ಕಿವಿ, ಗಟ್ಟಿ ಗೊರಸು, ಹತ್ತಿರ ಹೋದರೆ ಮೂಗಿನಿಂದ ಒಂದು ಬಿರುಸಿನ ಉಸಿರು. ಹಾಲು ಕರುವಿಗೆ ಸಾಕಾಗುವಷ್ಟು ಮಾತ್ರ. ಈ ದನವನ್ನು ಯಾರೂ ತಂಬಿಗೆ ಹಿಡಿದು ಸಾಕಿದ್ದಲ್ಲ. ಸಾಕಿದ್ದು ದಾರಿ ತುಳಿಯಲಿಕ್ಕೆ.

ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಶ್ರೀರಂಗಪಟ್ಟಣದ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು. ಹೈದರಾಲಿ ಅದರ ಎತ್ತುಗಳನ್ನು ಫಿರಂಗಿಗೆ ಕಟ್ಟಿದ. ಚಿದಂಬರದ ನೆರವಿಗೆ ಧಾವಿಸಿದಾಗ ಅವು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದವೆಂದು ದಾಖಲೆಗಳು ಹೇಳುತ್ತವೆ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ. 1799ರ ನಂತರ ಹಿಂಡು ಇಂಗ್ಲಿಷರ ಪಾಲಾಯಿತು, ವೆಲ್ಲೆಸ್ಲಿಯ ದಂಡಿನ ತೋಪುಗಳು ಈ ಎತ್ತುಗಳ ಹೆಗಲ ಮೇಲೆ ಸಾಗಿದವು. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು; ಕೆರೆಯಂಗಳದ ಹಸುರನ್ನೂ ಮರದ ನೆರಳನ್ನೂ ಲೆಕ್ಕವಿಟ್ಟು ಹಿಂಡುಗಳನ್ನು ನಡೆಸುತ್ತಿದ್ದರು. ಋತು ತಿರುಗಿದಂತೆ ದನವೂ ತಿರುಗುತ್ತಿತ್ತು.

ಈಗ ಉತ್ತರಕ್ಕೆ ದೂರ, ಹರಿಯಾಣದ ಕರ್ನಾಲ್. ಅಲ್ಲಿಯ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ 1923ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಕರ್ನಾಲ್‌ಗೆ ಹೋದದ್ದು 1955ರಲ್ಲಿ. 2023ರ ಮಾರ್ಚ್ 16ರಂದು ಅಲ್ಲಿ 32 ಕಿಲೋ ತೂಕದ ಒಂದು ಹೆಣ್ಣುಕರು ಹುಟ್ಟಿತು, ಗಂಗಾ ಎಂದು ಹೆಸರಿಟ್ಟರು. ಅದಕ್ಕೆ ತಂದೆಯಿಲ್ಲ. ಒಂದು ಗಿರ್ ಹಸುವಿನ ಬಾಲದಿಂದ ತೆಗೆದ ಕಣವೇ ಅದರ ಮೂಲ. ಸಾಹಿವಾಲ್ ಹಸುವಿನಿಂದ ಸೂಜಿಯಲ್ಲಿ ಅಂಡ ತೆಗೆದು, ಪ್ರಯೋಗಾಲಯದಲ್ಲಿ ಬಲಿಯಿಸಿ, ಅದರ ಕೋಶಕೇಂದ್ರವನ್ನು ಹೊರಗೆ ತೆಗೆದು, ಆ ಬರಿದಾದ ಜಾಗಕ್ಕೆ ಗಿರ್‌ನ ಬಾಲದ ಕಣವನ್ನು ಸೇರಿಸಿದರು; ವಾರದ ಮೇಲೆ ಬೆಳೆದ ಭ್ರೂಣವನ್ನು ಮಿಶ್ರತಳಿಯ ಹಸುವೊಂದು ಒಂಬತ್ತು ತಿಂಗಳು ಹೊತ್ತಿತು. ಹೀಗೆ ಗಂಗೆಗೆ ಮೂವರು ತಾಯಂದಿರು. ಕಣದ ಉರಿಯನ್ನು ಕಾಯುವ ಮೈಟೊಕಾಂಡ್ರಿಯ ಅಂಡ ಕೊಟ್ಟ ಸಾಹಿವಾಲ್‌ನದು, ರಕ್ತ ಎರೆದದ್ದು ಹೊತ್ತವಳು, ರೂಪ ಬಾಲದ ಒಡತಿಯದು.

ಬೆರಗಿರುವುದು ಬಾಲದಲ್ಲೇ. ನೊಣ ಓಡಿಸುವ ಬಾಲದ ಚರ್ಮದ ಒಂದೊಂದು ಕಣದಲ್ಲೂ ಇಡೀ ಹಸುವಿದೆ: ಕಣ್ಣಿದೆ, ಕೋಡಿದೆ, ಕೆಚ್ಚಲಿದೆ, ಗುಂಡಿಗೆಯ ಮೊದಲ ಬಡಿತವಿದೆ. ಆದರೆ ಅದು ನೂರು ಕೋಣೆಗಳ ಹಳೆಯ ಮನೆಯಲ್ಲಿ ಒಂದೇ ಕೋಣೆಯಲ್ಲಿ ದೀಪವಿಟ್ಟುಕೊಂಡು ಉಳಿದ ಬಾಗಿಲುಗಳಿಗೆಲ್ಲ ಬೀಗ ಜಡಿದು ಬದುಕುವ ಒಂಟಿ ಅಜ್ಜಿಯ ಹಾಗೆ, ನಾನು ಚರ್ಮ, ನಾನು ಚರ್ಮ ಎನ್ನುತ್ತ ಉಳಿದುದನ್ನೆಲ್ಲ ಮರೆತು ಕೂತಿದೆ. ಅಂಡದೊಳಗಿನ ದ್ರವ ಏನು ಮಾಡುತ್ತದೋ, ಯಾವ ಬೀಗದ ಕೈ ಎಲ್ಲಿ ತಿರುಗುತ್ತದೋ, ಕೆಲವೇ ಗಂಟೆಗಳಲ್ಲಿ ಆ ಕಣ ತಾನು ಚರ್ಮವೆಂಬುದನ್ನು ಮರೆಯುತ್ತದೆ, ಮರೆತೊಡನೆ ಎಲ್ಲ ಕೋಣೆಗಳೂ ನೆನಪಿಗೆ ಬರುತ್ತವೆ. ಹುಟ್ಟಲಿಕ್ಕೆ ಮೊದಲು ಮರೆಯಬೇಕು. ಬೆಳೆಯಲಿಕ್ಕೆ ಮತ್ತೆ ಮರೆಯಬೇಕು, ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ. ನೆನಪು, ಮರೆವು ಎರಡರ ನೇಯ್ಗೆಯೇ ಮೈ.

ಈ ಮರೆಸುವಿಕೆ ಸುಲಭಕ್ಕೆ ಒಲಿಯುವಂಥದ್ದಲ್ಲ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಾಲಿ ಕುರಿ ಹುಟ್ಟಿದ್ದು 277 ಅಂಡಗಳಿಗೆ ಕಣ ಸೇರಿಸಿದ ಮೇಲೆ. ಅಷ್ಟರಲ್ಲಿ ಒಂದೇ ಕಣ ಪೂರ್ತಿ ಮರೆತು ಪೂರ್ತಿ ನೆನೆದದ್ದು. ಕರ್ನಾಲ್‌ನಲ್ಲಿ 2009ರ ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ಕ್ಲೋನ್ ಎಮ್ಮೆಕರು ಕೆಲವೇ ದಿನ ಬದುಕಿತು, ಅದೇ ಜೂನ್‌ನಲ್ಲಿ ಹುಟ್ಟಿದ ಗರಿಮಾ ಎರಡು ವರ್ಷ. 2010ರಲ್ಲಿ ಹುಟ್ಟಿದ ಎರಡನೆಯ ಗರಿಮಾ ಮಾತ್ರ ಬೆಳೆದು ಬೆದೆಗೆ ಬಂದು 2013ರ ಜನವರಿಯಲ್ಲಿ ಮಹಿಮಾ ಎಂಬ ಕರುವನ್ನು ಈಯಿತು. ಆ ಕರುವನ್ನು ನೆಕ್ಕುವುದನ್ನು ಆ ತಾಯಿಗೆ ಯಾರೂ ಕಲಿಸಿರಲಿಲ್ಲ. ಪಡಿಯಚ್ಚು ಎನ್ನುವುದೂ ಪೂರ್ತಿ ನಿಜವಲ್ಲ. ಕಪ್ಪುಬಿಳಿ ಮಚ್ಚೆಯ ಸೀಮೆಹಸುಗಳ ಕ್ಲೋನ್ ಮಾಡಿದಾಗ ಒಂದರ ಮಚ್ಚೆ ಇನ್ನೊಂದರಲ್ಲಿ ಇದ್ದಲ್ಲೇ ಇರುವುದಿಲ್ಲ. ಬಣ್ಣದ ಕಣಗಳು ಭ್ರೂಣದ ಮೈಮೇಲೆ ಹರಡುತ್ತ ಹೋಗುವಾಗ ಪ್ರತಿಸಲವೂ ತಮ್ಮದೇ ಬೇರೆ ದಾರಿ ಹಿಡಿಯುತ್ತವೆ. ಒಂದೇ ಬರಹ, ಓದು ಬೇರೆ.

ಹಾಗಾದರೆ ಅಮೃತಮಹಲ್ ಹಸುವಿನ ಬಾಲದ ಒಂದು ಚೂರನ್ನು ಕಾಪಿಟ್ಟರೆ ಸಾಕೇ? ಈ ಪ್ರಶ್ನೆಗೆ ಈ ನೆಲದ ಚರಿತ್ರೆಯಲ್ಲೇ ಒಂದು ಉತ್ತರವಿದೆ. 1860ರಲ್ಲಿ ಖರ್ಚು ಉಳಿಸಲೆಂದು ಇಂಗ್ಲಿಷ್ ಸರ್ಕಾರ ಅಮೃತಮಹಲ್ ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ದಂಡಿಗೆ ಎತ್ತು ಸಿಗದಾದಾಗ ಕಣ್ಣುಬಿಟ್ಟು, 1866ರಲ್ಲಿ ಚೆದುರಿದ್ದನ್ನು ಹುಡುಕಿ ಕೂಡಿಸಿ ಮತ್ತೆ ಹಿಂಡು ಕಟ್ಟಬೇಕಾಯಿತು. ಆಗ ಪ್ರಯೋಗಾಲಯವಿರಲಿಲ್ಲ, ದ್ರವ ಸಾರಜನಕವಿರಲಿಲ್ಲ. ಆದರೂ ತಳಿ ಮರಳಿ ಬಂತು, ಏಕೆಂದರೆ ಹುಲ್ಲು ಇದ್ದಲ್ಲೇ ಇತ್ತು. ಮನುಷ್ಯರು ಮರೆತದ್ದನ್ನು ಕಾವಲು ನೆನಪಿಟ್ಟುಕೊಂಡಿತ್ತು.

ಇದಕ್ಕೆ ಎದುರಾಗಿ ದಕ್ಷಿಣ ಸಮುದ್ರದ ಒಂದು ಕಥೆ. ನ್ಯೂಜಿಲೆಂಡಿನ ದಕ್ಷಿಣಕ್ಕೆ ಎಂಡರ್ಬಿ ಎಂಬ ಗಾಳಿಬಡಿತದ ದ್ವೀಪದಲ್ಲಿ ಮನುಷ್ಯರು ಬಿಟ್ಟುಹೋದ ದನಗಳು ತಲೆಮಾರುಗಟ್ಟಲೆ ಕಾಡುಬಿದ್ದು, ಹುಲ್ಲು ಸಾಲದಾದಾಗ ಕಡಲತಡಿಗೆ ಇಳಿದು ಅಲೆ ತಂದೊಗೆದ ಕಡಲಕಳೆಯನ್ನು ಮೇಯುವುದಕ್ಕೆ ಒಗ್ಗಿದವು. ದ್ವೀಪದ ಮೂಲ ಗಿಡಗಳನ್ನು ಉಳಿಸಲು ಅವನ್ನು ಕೊಲ್ಲಬೇಕಾಗಿ ಬಂತು. ಕೊನೆಗೆ ಉಳಿದದ್ದು ಲೇಡಿ ಎಂಬ ಒಂದೇ ಹಸು. 1998ರಲ್ಲಿ ಅದರ ಕಣದಿಂದ ಎಲ್ಸಿ ಎಂಬ ಕರು ಹುಟ್ಟಿತು, ಅಳಿವಿನ ಅಂಚಿನಿಂದ ತಳಿ ಒಂದು ಹೆಜ್ಜೆ ಹಿಂದೆ ಬಂತು. ನಮಸ್ಕರಿಸಬೇಕಾದ ಸಾಧನೆ. ಆದರೆ ಎಲ್ಸಿಯ ಕಣ್ಣಿಗೆ ಬಿದ್ದದ್ದು ಮುಖ್ಯನಾಡಿನ ಬೇಲಿಯೊಳಗಿನ ಹಸುರು. ಉಪ್ಪುಗಾಳಿಯಲ್ಲಿ ಯಾವ ಇಳಿತಕ್ಕೆ ಯಾವ ಬಂಡೆಯ ಬಳಿ ಕಳೆ ಸಿಗುತ್ತದೆ ಎಂಬುದನ್ನು ಅದಕ್ಕೆ ತೋರಿಸಿಕೊಡಲು ಮುಂದೆ ನಡೆಯುವ ಒಂದು ಮುದಿಹಸು ಇರಲಿಲ್ಲ.

ಕಾವಲಿನ ಕರು ಹುಟ್ಟಿದ ದಿನವೇ ಕಾಲೂರಿ ನಿಲ್ಲುತ್ತದೆ, ತಾಯಿ ಮೇಯಲು ಹೋದಾಗ ಎತ್ತರದ ಹುಲ್ಲಿನಲ್ಲಿ ಅಲುಗದೆ ಅಡಗಿರುತ್ತದೆ. ಅಡಗುವ ಬುದ್ಧಿ ಕಣದಿಂದಲೇ ಬಂದದ್ದು. ಯಾವ ಹುಲ್ಲು ಎಳೆಯದು, ಯಾವ ಪೊದೆಯ ಹಿಂದೆ ತೋಳದ ವಾಸನೆ, ಬೇಸಿಗೆಯಲ್ಲಿ ಕೊನೆಗೆ ನೀರು ಉಳಿಯುವ ಗುಂಡಿ ಯಾವುದು, ಎಂಬುದು ಮಾತ್ರ ತಾಯಿಯ ಬಾಲದ ಹಿಂದೆ ನಡೆದೇ ಬರಬೇಕು. ಒಂದು ನೆನಪು ಬಾಲದೊಳಗೆ, ಇನ್ನೊಂದು ಬಾಲದ ಹಿಂದೆ. ಮೊದಲನೆಯದನ್ನು ಹೆಪ್ಪುಗಟ್ಟಿಸಬಹುದು, ಎರಡನೆಯದು ನಡೆಯುತ್ತಿದ್ದರಷ್ಟೇ ಬದುಕಿರುತ್ತದೆ.

ನಮ್ಮ ಕಾಲದ ವಿಚಿತ್ರ ಇಲ್ಲೇ ಇದೆ. ವೀರ್ಯಾಣುಗಳಿಗೆ ಬಣ್ಣ ಹಚ್ಚಿ ಲೇಸರ್ ಬೆಳಕಿನಲ್ಲಿ ಹಾಯಿಸಿ, ಹೆಣ್ಣು ಹುಟ್ಟಿಸುವವು ಡಿಎನ್‌ಎ ಸುಮಾರು ಶೇ 4ರಷ್ಟು ಹೆಚ್ಚಿರುವುದರಿಂದ ಕೊಂಚ ಹೆಚ್ಚು ಹೊಳೆಯುತ್ತವೆಂದು ಬೇರೆ ಮಾಡುವಷ್ಟು ನಾವು ಸೂಕ್ಷ್ಮರಾಗಿದ್ದೇವೆ. ಟ್ರ್ಯಾಕ್ಟರ್ ಬಂದ ಮೇಲೆ ಗಂಡುಕರು ಯಾರಿಗೂ ಬೇಡ, ಹಾಲಿನ ಮನೆಗಳಲ್ಲಿ ಹೆಣ್ಣುಕರುವೇ ಲಕ್ಷ್ಮಿ. ಅದರಲ್ಲಿ ತಪ್ಪು ಹುಡುಕುವ ಹಕ್ಕು ಸಾಲದ ಕಂತು ಕಟ್ಟದವರಿಗಿಲ್ಲ. ಆದರೆ ಅಜ್ಜಂಪುರದಲ್ಲಿ ಹೋರಿಕರುಗಳ ಹರಾಜು ನಡೆದಾಗ ಹಾವೇರಿ, ದಾವಣಗೆರೆ, ಶಿವಮೊಗ್ಗದ ಕಡೆಯಿಂದ ಬಂದ ರೈತರು ಬೇಲಿಗೆ ಎದೆಯೊತ್ತಿ ನಿಂತು, ಹಗ್ಗ ಕಾಣದ ಆ ಕರುಗಳ ನಡಿಗೆಯನ್ನು ನೋಡುತ್ತ ಬೆಲೆ ಕೂಗುವುದನ್ನು ಮರೆಯುವ ಒಂದು ಕ್ಷಣವಿರುತ್ತದೆ. ಲೆಕ್ಕ ಹಾಕುವ ಕಣ್ಣು ಆಗ ಬರೀ ನೋಡುವ ಕಣ್ಣಾಗುತ್ತದೆ. ಹಿರೇನಲ್ಲೂರಿನ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ಗುಡಿಯಂಥ ಶಿವಾಲಯಗಳಲ್ಲಿ ಬಸವನನ್ನು ದೇವರ ಎದುರು ಕೂರಿಸಿದವರಿಗೆ ಇದ್ದದ್ದೂ ಈ ಕಣ್ಣೇ ಇರಬೇಕು.

ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ಲಕ್ಷಾಂತರ ಎಕರೆ ಇದ್ದ ಕಾವಲು ಇಂದು ಚೂರುಚೂರು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಉಳ್ಳಾರ್ತಿ, ಕುದಾಪುರದ ಸುತ್ತಿನ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಒಂದು ಕೈಯಲ್ಲಿ ಜೀವಕಣವನ್ನು ಕಾಪಿಡುವ ವಿಜ್ಞಾನವೇ ಇನ್ನೊಂದು ಕೈಯಲ್ಲಿ ಆ ಕಣ ಮೇದು ಬೆಳೆದ ಹುಲ್ಲಿಗೆ ಕಾಂಪೌಂಡು ಕಟ್ಟುವಾಗ, ಯಾರನ್ನೂ ದೂರದೆ, ಆ ಎರಡು ಕೈಗಳೂ ಒಂದೇ ಮೈಯವು ಎಂದಷ್ಟೇ ನೆನಪಿಸಬೇಕೆನಿಸುತ್ತದೆ.

ಅಜ್ಜಂಪುರ, ಬೀರೂರು, ಬಾಸೂರಿನ ದಾರಿಯಲ್ಲಿ ಹೋಗುವವರಿಗೆ ಒಂದು ಮಾತು. ಕಾವಲಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಹಾರನ್ ಹಾಕದೆ, ಒಂದಿಷ್ಟು ಹೊತ್ತು ದೂರದಿಂದಲೇ ನೋಡಿ. ಒಳಗೆ ಹೋಗಬೇಡಿ, ಅವು ಗುರುತಿಲ್ಲದವರನ್ನು ಹತ್ತಿರ ಸೇರಿಸುವುದಿಲ್ಲ. ನಿಮ್ಮೂರಿನಲ್ಲಿ ಗೋಮಾಳವೋ ಕಾವಲೋ ಉಳಿದಿದ್ದರೆ ಅದರ ಗಡಿಕಲ್ಲು ಎಲ್ಲಿದೆಯೆಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿ, ಗ್ರಾಮಸಭೆಯಲ್ಲಿ ಅದರ ಮಾತು ಎತ್ತಿ. ವೀರ್ಯದ ಕಡ್ಡಿ ದಶಕಗಟ್ಟಲೆ ಕಾಯುತ್ತದೆ. ಒಮ್ಮೆ ಉತ್ತು ನೆಲಸಮ ಮಾಡಿದ ಹುಲ್ಲುಗಾವಲು ಕಾಯುವುದಿಲ್ಲ.